ನಾವು ಒಳಗೆ ಚೆನ್ನಾಗಿದೀವಿ, ಬರಬೇಡಿ

ಫೆಬ್ರವರಿ 3, ಸೋಮವಾರ

ಇವತ್ತಿನಿಂದ ನಾನು ಗಾಳಿಯ ಉಸ್ತುವಾರಿ. ತಮಾಷೆಯಲ್ಲ, ಡಾಕ್ಟರ್ ರಾಜಶೇಖರ್ ಅವರೇ ಸಿಬ್ಬಂದಿಯನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು. ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ಮತ್ತೆ ಅಮೋನಿಯಾ ಸೋರಿದರೆ ಆ ಗಾಳಿ ನಮ್ಮ ನರ್ಸಿಂಗ್ ಹೋಮಿನ ಒಳಗೆ ಬಾರದಂತೆ ನೋಡಿಕೊಳ್ಳುವುದು ಸಿಸ್ಟರ್ ತನುಜಾ ಅವರ ಜವಾಬ್ದಾರಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸದ್ಯ ತಮ್ಮ ಕುತ್ತಿಗೆಗೆ ಬೀಳಲಿಲ್ಲವಲ್ಲ ಎನ್ನುವ ಚಪ್ಪಾಳೆ ಅದು.

ಸಂಕ್ರಾಂತಿ ಕಳೆದ ವಾರ ಸೋರಿದ್ದು ಸ್ವಲ್ಪವೇ. ಯಾರೋ ಗ್ಯಾಸ್ ಗ್ಯಾಸ್ ಎಂದರು, ವಾರ್ಡಿಗೆ ವಾರ್ಡೇ ಎದ್ದು ಬೀದಿಗೆ ಓಡಿತು. ಗ್ಯಾಸ್ ಇದ್ದದ್ದು ಬೀದಿಯಲ್ಲಿ. ಎಮ್ಮೆದೊಡ್ಡಿಯ ಬೀರಯ್ಯಜ್ಜನನ್ನು ನಾಲ್ಕು ಜನ ಹೊತ್ತು ತಂದು ರಸ್ತೆ ಪಕ್ಕ ಮಲಗಿಸಿದರು. ಅಜ್ಜನ ಆಕ್ಸಿಜನ್ ಸಿಲಿಂಡರ್ ಮಾತ್ರ ಮಂಚದ ಹತ್ತಿರವೇ ಉಳಿಯಿತು. ಹೆಂಡತಿ ಕಾಂತಮ್ಮ ಸೆರಗಿನಿಂದ ಗಾಳಿ ಬೀಸಿದ್ದೇ ಬೀಸಿದ್ದು, ಬೀಸಿದ್ದು ಅದೇ ಕೆಟ್ಟ ಗಾಳಿ. ಅಜ್ಜನ ತುಟಿ ನೀಲಿಯಾಗಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಬದುಕಿದ್ದು ದೊಡ್ಡದು.

ಜಿಲ್ಲೆಯ ಸುರಕ್ಷತಾ ಸಮಿತಿಯವರು ಒಂದು ತಿಂಗಳ ಗಡುವು ಕೊಟ್ಟಿದ್ದಾರೆ. ಹೊರಗೆ ವಿಷಗಾಳಿ ಇದ್ದಾಗ ರೋಗಿಗಳನ್ನು ಒಳಗೇ ಭದ್ರವಾಗಿ ಇಟ್ಟುಕೊಳ್ಳುತ್ತೇವೆ ಎಂದು ತೋರಿಸಬೇಕು, ಇಲ್ಲವಾದರೆ ರೋಗಿಗಳನ್ನು ಉಳಿಸಿಕೊಳ್ಳುವ ಹಾಗೇ ಇಲ್ಲ. ಆಗ ಬೀರಯ್ಯಜ್ಜ ಶಿವಮೊಗ್ಗಕ್ಕೆ ಹೋಗಬೇಕು. ಅಜ್ಜನ ಶ್ವಾಸಕೋಶಕ್ಕೆ ಆ ದಾರಿಯೇ ಹೆಚ್ಚು. ಕಾಂತಮ್ಮನಿಗೆ ಅಲ್ಲಿ ನೀರು ಕೊಡುವವರೂ ಗೊತ್ತಿಲ್ಲ. ಆದ್ದರಿಂದ ಇದನ್ನು ಮಾಡಿಯೇ ತೀರಬೇಕು.

ತಪಾಸಣೆಗೆ ಹೇಳದೆ ಕೇಳದೆ ಬರುತ್ತಾರಂತೆ. ರೋಗಿಗಳ ವೇಷದಲ್ಲೂ ಬರಬಹುದು, ಕಣ್ಣು ತೆರೆದಿಟ್ಟಿರು ಎಂದು ಡಾಕ್ಟರು ಪಿಸುಗುಟ್ಟಿದರು. ನನ್ನ ಕಣ್ಣಿನ ವಿಷಯ ಅವರಿಗೆ ಗೊತ್ತಿಲ್ಲ. ಮನುಷ್ಯರನ್ನು ಒಂದು ಸಲ ನೋಡಿದರೆ ಸಾಕು, ಜಾತಕ ಹೇಳಬಲ್ಲೆ.

ಮನೆಯಲ್ಲಿ ಅಮ್ಮ ಅಜ್ಜಂಪುರದ ಸಂಬಂಧವೊಂದನ್ನು ತೆಗೆದಳು. ಈ ತಿಂಗಳು ಗಂಡು ಗಿಂಡು ಎಂದರೆ ಆಸ್ಪತ್ರೆಯಲ್ಲೇ ಮಲಗುತ್ತೇನೆ ಎಂದೆ. ತರೀಕೆರೆಯಿಂದ ಬಂದವನು ಸಾಕು. ಮದುವೆಯಾದ ಮೇಲೆ ಕೆಲಸ ಬಿಡ್ತೀರಲ್ವಾ ಎಂದು ಕೇಳುತ್ತಲೇ ಎರಡು ತಟ್ಟೆ ಕೇಸರಿಬಾತು ಮುಗಿಸಿದ ಮಹಾನುಭಾವ. ಆ ಕೇಸರಿಬಾತು ನಾನು ಮಾಡಿದ್ದು. ಇನ್ನು ಯಾವ ಗಂಡಿಗೂ ರವೆ ಹುರಿಯುವುದಿಲ್ಲ.

ಫೆಬ್ರವರಿ 5, ಬುಧವಾರ

ಇಡೀ ದಿನ ತೂತು ಹುಡುಕಿದೆ. ಈ ಕಟ್ಟಡದಲ್ಲಿ ಗೋಡೆಗಿಂತ ತೂತೇ ಜಾಸ್ತಿ. ಮಹಡಿ ಕಿಟಕಿಗೆ ಯಾರೋ ಹಗ್ಗ ಕಟ್ಟಿದ್ದಾರೆ, ಕೆಳಗಿನಿಂದ ಊಟದ ಕ್ಯಾರಿಯರ್ ಎಳೆದುಕೊಳ್ಳಲು. ಗವಾಕ್ಷಿಯಲ್ಲಿ ಪಾರಿವಾಳದ ಸಂಸಾರ. ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ಯಾವ ಪುಣ್ಯಾತ್ಮ ತಿರುಗುಮುರುಗು ಕೂರಿಸಿದನೋ, ಒಳಗಿನ ಗಾಳಿಯನ್ನು ಹೊರಗೆ ತಳ್ಳುವ ಬದಲು ಹೊರಗಿನದನ್ನೇ ಒಳಗೆ ಎಳೆದು ಹಾಕುತ್ತಿದೆ. ಇಷ್ಟು ವರ್ಷ ನಾವು ಬೀದಿಯನ್ನೇ ಉಸಿರಾಡಿದ್ದೇವೆ.

ಒಳ ವಾರ್ಡನ್ನು ಆರಿಸಿದ್ದೇನೆ. ಕಟ್ಟಡದ ನಡುಮಧ್ಯೆ ಇದೆ, ಒಂದು ಬಾಗಿಲು, ಒಂದು ಕಿಟಕಿ. ಗಂಟೆ ಹೊಡೆದರೆ ಎಲ್ಲರೂ ಅಲ್ಲಿಗೆ. ಫ್ಯಾನು, ಎಸಿ ಬಂದ್. ಕಿಟಕಿಗೆ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಟೇಪು, ಬಾಗಿಲ ಕೆಳಗೆ ನೆನೆಸಿದ ಗೋಣಿಚೀಲ. ಅಮೋನಿಯಾಕ್ಕೆ ನೀರು ಕಂಡರೆ ಆಸೆಯಂತೆ, ಅದರಲ್ಲೇ ಕರಗಿ ಕೂತುಬಿಡುತ್ತದೆ. ಚೀಲಗಳನ್ನು ಅಪ್ಪನ ಕೊಬ್ಬರಿ ಅಂಗಡಿಯಿಂದ ತಂದೆ. ಈಗ ಒಳ ವಾರ್ಡೆಲ್ಲ ಕೊಬ್ಬರಿ ಘಮ.

ಬೀರಯ್ಯಜ್ಜನ ಮಂಚವನ್ನು ಕಾಯಂ ಆಗಿ ಅಲ್ಲಿಗೆ ಹಾಕಿಸಿದೆ, ಮತ್ತೆ ಯಾರೂ ಹೊತ್ತು ಓಡಬಾರದು ಎಂದು. ಅಜ್ಜನಿಗೆ ಸಿಟ್ಟು.

"ಆ ಕಿಟಕೀಲಿ ನಮ್ಮೂರ ಬಸ್ಸು ಕಾಣ್ತಿತ್ತು ತಾಯಿ. ಇಲ್ಲೇನ್ ಕಾಣ್ತದೆ?"

"ನಾನು ಕಾಣ್ತೀನಲ್ಲ ಅಜ್ಜ."

"ಅದ್ಕೇ ಬ್ಯಾಡ ಅಂದಿದ್ದು."

ಜೀವಮಾನವೆಲ್ಲ ಕಾವಲಿನ ಹುಲ್ಲುಗಾವಲಿನಲ್ಲಿ ದನ ಕಾಯ್ದವರು. ಅಮೋನಿಯಾ ಎಂದರೆ ಕೊಟ್ಟಿಗೆ ವಾಸನೆ ತಾನೆ, ಅದಕ್ಕೆ ಹೆದರುವ ಗಂಡಸು ನಾನಲ್ಲ ಎಂದು ವಾರ್ಡಿಗೆಲ್ಲ ಭಾಷಣ ಬಿಗಿದರು. ಭಾಷಣದ ಮಧ್ಯೆ ಮೂರು ಸಲ ಆಕ್ಸಿಜನ್ ಎಳೆದುಕೊಂಡರು.

ಫೆಬ್ರವರಿ 8, ಶನಿವಾರ

ಹೊಸ ಶತ್ರು: ಡಾಕ್ಟರ ತಾಯಿ ವಿಶಾಲಾಕ್ಷಮ್ಮ.

ಮುಂಬಾಗಿಲು ಮುಚ್ಚುವುದನ್ನು ಅಭ್ಯಾಸ ಮಾಡಿಸೋಣ ಎಂದು ಸಂಜೆ ನಿಂತರೆ, ಅದೇ ಹೊತ್ತಿಗೆ ದೀಪ ಹಚ್ಚಲು ಬಂದರು. ಆಸ್ಪತ್ರೆ ಶುರುವಾದಾಗಿನಿಂದ ಮುಂದಿನ ಹಾಲಿನಲ್ಲಿ ದಿನಾ ದೀಪ ಅವರದೇ. ದೀಪ ಹಚ್ಚುವ ಹೊತ್ತಿನಲ್ಲಿ ಮುಂಬಾಗಿಲು ಹಾಕಿದರೆ ಬಂದ ಲಕ್ಷ್ಮಿ ತಿರುಗಿ ಹೋಗುತ್ತಾಳೆ, ನಿಮ್ಮ ಮನೆಯಲ್ಲಿ ಇದನ್ನೂ ಕಲಿಸಲಿಲ್ಲವೇ ಎಂದರು. ಆ ಹೊತ್ತಿನಲ್ಲಿ ಅಮೋನಿಯಾವೂ ಬರಬಹುದಲ್ಲ ಅಮ್ಮ ಎಂದೆ.

"ಅದಕ್ಕೆ ಬೇರೆ ಹೊತ್ತು ಹೇಳು," ಎಂದು ಹೊಸ್ತಿಲಿಗೆ ಕುರ್ಚಿ ಹಾಕಿಕೊಂಡು ಕೂತೇ ಬಿಟ್ಟರು. ಡಾಕ್ಟರು ಇದನ್ನು ನೋಡಿ, ತುರ್ತು ಕೇಸು ಬಂದವರಂತೆ ಹಿಂಬಾಗಿಲಿನಿಂದ ಹೊರಟರು.

ಜಗಳದ ಮಧ್ಯೆ ನನ್ನ ನಕ್ಷತ್ರ ಯಾವುದು ಎಂದು ಕೇಳಿದರು. ಅಶ್ವಿನಿ ಎಂದೆ. ಮಾತು ಮರೆಸುವುದರಲ್ಲಿ ಎಷ್ಟು ಜಾಣರು!

ಫೆಬ್ರವರಿ 12, ಬುಧವಾರ

ಮೊದಲ ಅಣಕು ಕಾರ್ಯಾಚರಣೆ. ಸಿಟ್ಟಾಗಬೇಕೋ ನಗಬೇಕೋ ತಿಳಿಯದು.

ಬೆಳಿಗ್ಗೆ ಗಂಟೆ ಹೊಡೆಸಿದೆ. ಎಲ್ಲರೂ ಒಳ ವಾರ್ಡಿಗೆ ಬಂದರು, ಬಾಗಿಲು ಹಾಕಿದೆವು, ಸಂದಿಗೆ ಚೀಲ ತುರುಕಿದೆವು. ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟರಲ್ಲಿ ಕಾಂತಮ್ಮ ಮೂಲೆಯಲ್ಲಿ ನಿಂತು ಊರಿಗೆ ಫೋನು ಮಾಡಿದ್ದಾಳೆ, ನಮ್ಮನ್ನೆಲ್ಲ ಒಂದು ಕೋಣೆಯಲ್ಲಿ ಹಾಕಿ ಬಾಗಿಲು ಹಾಕಿದ್ದಾರೆ, ಯಾಕೋ ಗೊತ್ತಿಲ್ಲ ಎಂದು. ಉಳಿದವರೂ ಅವರವರ ಊರಿಗೆ ಅದೇ ಸುದ್ದಿ ಮುಟ್ಟಿಸಿದ್ದಾರೆ.

ನಮ್ಮ ಕಡೆ ಆಸ್ಪತ್ರೆಯಿಂದ ಸುದ್ದಿ ಬಂದರೆ ಏನು ಎತ್ತ ಎಂದು ಕೇಳುವ ಪದ್ಧತಿಯಿಲ್ಲ. ಮೊದಲು ಹೊರಡುವುದು, ಕೇಳುವುದೆಲ್ಲ ಅಲ್ಲಿ ಹೋಗಿ. ಎಮ್ಮೆದೊಡ್ಡಿಯಿಂದ ಎರಡು ಟ್ರ್ಯಾಕ್ಟರ್ ಜನ ಬಂದರು. ದೇವನೂರಿನಿಂದ ಒಂದು ಟೆಂಪೊ. ಬರಿಗೈಯಲ್ಲಿ ಬರಬಾರದಲ್ಲ, ಬಾಳೆಹಣ್ಣು, ರೊಟ್ಟಿ, ಎಳನೀರು, ಒಂದು ಕೊಡ ಮಜ್ಜಿಗೆ. ಗೇಟು ತಳ್ಳಿದರು, ಮುಂಬಾಗಿಲು ತಳ್ಳಿದರು, ಒಳ ವಾರ್ಡಿನ ಬಾಗಿಲನ್ನೂ ತಳ್ಳಿ ಒದ್ದೆ ಚೀಲದ ಮೇಲೆ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬರೂ ಹೊರಗೆ ಹೋಗಬಾರದು ಎಂಬ ತಾಲೀಮಿಗೆ ಅರ್ಧ ತಾಲ್ಲೂಕು ಒಳಗೆ ಬಂದಿತು. ಒಬ್ಬನ ಮೊಣಕೈ ತರಚಿದ್ದಕ್ಕೆ ನಾನೇ ಪಟ್ಟಿ ಕಟ್ಟಿದೆ.

ಬೀರಯ್ಯಜ್ಜ ಮಂಚದ ಮೇಲೆ ಮದುಮಗನಂತೆ ಕೂತು ಎಲ್ಲರನ್ನೂ ಮಾತಾಡಿಸಿದರು. ಇಂಥ ತಾಲೀಮು ವಾರಕ್ಕೊಂದು ಇರಲಿ ಎಂದರು.

ಫೆಬ್ರವರಿ 13, ಗುರುವಾರ

ಉಪಾಯ ಹೊಳೆಯಿತು. ಫೋನು ಮಾಡಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಮಾಡಲಿ, ಆದರೆ ಇಷ್ಟೇ ಹೇಳಬೇಕು: ನಾವು ಒಳಗೆ ಚೆನ್ನಾಗಿದೀವಿ, ಬರಬೇಡಿ. ಮಗ್ಗಿಯಂತೆ ಎಲ್ಲರಿಗೂ ಬಾಯಿಪಾಠ ಮಾಡಿಸುತ್ತಿದ್ದೇನೆ. ಕಾಂತಮ್ಮ ಮಾತ್ರ 'ಬರಬೇಡಿ' ಬಂದಾಗ ನಿಲ್ಲಿಸುತ್ತಾಳೆ. ಬರಬೇಡಿ ಅಂತ ನೆಂಟರಿಗೆ ಹೆಂಗ್ ಹೇಳೋದು ಸಿಸ್ಟ್ರೇ, ನಾಲಿಗೆ ಹೊರಳಲ್ಲ ಎನ್ನುತ್ತಾಳೆ.

ಫೆಬ್ರವರಿ 18, ಮಂಗಳವಾರ

ಬಂದರು! ತಪಾಸಣೆಯವರು!

ಹೆಸರು ಕೋಮಲಾ, ಐವತ್ತರ ಹತ್ತಿರದ ಹೆಂಗಸು. ಮೊಣಕಾಲು ನೋವು ಎಂದು ಚೀಟಿ ಮಾಡಿಸಿ, ಮಹಡಿ ಮೆಟ್ಟಿಲನ್ನು ಸರಸರ ಹತ್ತಿದರು. ಅಲ್ಲೇ ಸಿಕ್ಕಿಬಿದ್ದರು. ಮೊಣಕಾಲಿನ ಬಗ್ಗೆ ಒಂದು ಮಾತಿಲ್ಲ, ಪ್ರಶ್ನೆಯೆಲ್ಲ ನನಗೆ. ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತೆ, ಕೈಕೆಳಗೆ ಎಷ್ಟು ಜನ, ಸಿಟ್ಟು ಬರುತ್ತಾ, ವಯಸ್ಸಾದವರನ್ನು ಹೇಗೆ ನೋಡ್ಕೋತೀರಿ. ಬಚ್ಚಲಿಗೂ ಹೋಗಿ ಬಕೆಟ್ಟು ತೊಳೆದಿದೆಯೇ ಎಂದು ನೋಡಿದರು. ನಾನೇನು ಕಮ್ಮಿ? ಒಳ ವಾರ್ಡಿಗೆ ಕರೆದೊಯ್ದು ಚೀಲ, ಟೇಪು, ಪ್ಲಾಸ್ಟಿಕ್ ಎಲ್ಲ ತೋರಿಸಿ, ಎಲ್ಲರ ಕೈಯಲ್ಲೂ ಮಗ್ಗಿ ಹೇಳಿಸಿದೆ. ಆಕೆ ಕಣ್ಣು ಮಿಟುಕಿಸದೆ ನೋಡಿದರು. ಮೆಚ್ಚಿಕೊಂಡಿದ್ದಾರೆ.

ಅವರ ಡ್ರೈವರ್ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ. ಕೈ ಖಾಲಿ ಇಟ್ಟುಕೊಂಡು ನಿಲ್ಲುವುದು ನನಗೆ ಆಗದು. ಏಣಿ ಹಿಡ್ಕೊಳಪ್ಪಾ ಡ್ರೈವರ್ ಎಂದೆ. ಮೇಡಂ ನಕ್ಕರು, ಅವನು ಬಂದು ಹಿಡಿದುಕೊಂಡ. ವಿಶಾಲಾಕ್ಷಮ್ಮನಿಗೂ ಆ ಮೇಡಂಗೂ ಪರಿಚಯ ಇದ್ದಂತಿತ್ತು, ಇಬ್ಬರೂ ಕಿವಿಯಲ್ಲಿ ಮಾತಾಡುತ್ತಿದ್ದರು. ದೊಡ್ಡವರಿಗೆ ಎಲ್ಲ ಕಡೆಯೂ ಜನ ಇರುತ್ತಾರೆ.

ಫೆಬ್ರವರಿ 21, ಶುಕ್ರವಾರ

ಮೇಡಂ ಮತ್ತೆ ಬಂದಿದ್ದರು, ಈ ಸಲ ತಲೆಸುತ್ತು. ಡ್ರೈವರನೂ ಬಂದಿದ್ದ.

ಗಾಳಿ ಎಲ್ಲಿ ನುಸುಳುತ್ತದೆ ಎಂದು ತಿಳಿಯಲು ಅವನು ಜೇಬಿನಿಂದ ಊದಿನಕಡ್ಡಿ ತೆಗೆದ. ಹೊಗೆ ಯಾವ ಕಡೆ ಹೋಗುತ್ತೋ ಅಲ್ಲಿ ಸಂದು ಇರುತ್ತೆ ಎಂದ. ಆಕ್ಸಿಜನ್ ಇರೋ ಕೋಣೇಲಿ ಬೆಂಕಿನಾ ಎಂದು ಕೈಗೆ ಒಂದು ಬಾರಿಸಿ ಕಿತ್ತುಕೊಂಡೆ. ತಪ್ಪಾಯ್ತು ಎಂದ. ಗಂಡಸಿನ ಬಾಯಲ್ಲಿ ಆ ಮಾತು ಅಷ್ಟು ಸಲೀಸಾಗಿ ಬಂದದ್ದನ್ನು ನಾನು ಎಲ್ಲೂ ಕೇಳಿಲ್ಲ.

ಆಮೇಲೆ ಹತ್ತಿಯಿಂದ ಒಂದು ಎಳೆ ಬಿಡಿಸಿ ಕಿಟಕಿ ಅಂಚಿಗೆ ಹಿಡಿದೆವು. ಎಳೆ ಅಲುಗಾಡಿದ ಕಡೆ ಟೇಪು. ಅಜ್ಜಂಪುರದಲ್ಲಿ ಈರುಳ್ಳಿ ಕೆಡದಂತೆ ಇಡಲು ಗಾಳಿಗೆ ದಾರಿ ಮಾಡಿಕೊಡಬೇಕಂತೆ, ನೀವು ದಾರಿ ಮುಚ್ಚುತ್ತೀರಿ, ನಮ್ಮದಕ್ಕೆ ನಿಮ್ಮದು ತಲೆಕೆಳಗು ಎಂದ. ಡ್ರೈವರನಿಗೆ ಈರುಳ್ಳಿಯ ವಿಷಯ ಹೇಗೆ ಗೊತ್ತೋ. ಹಿಂದೆ ಲೋಡ್ ಹೊಡೆದಿರಬೇಕು. ಕೊನೆಗೆ ಎಳೆ ಅಲ್ಲಾಡದೆ ನಿಂತಿತು. ಅವನು ಉಸಿರು ಬಿಗಿಹಿಡಿದಿದ್ದ, ನಾನೂ.

ಹೆಸರು ಹೇಮಂತ್ ಅಂತೆ.

ಫೆಬ್ರವರಿ 24, ಸೋಮವಾರ

ಹೇಮಂತ್ ಒಬ್ಬರೇ ಬಂದಿದ್ದರು, ಮೇಡಂಗೆ ಮಾತ್ರೆ ತೆಗೆದುಕೊಳ್ಳಲು. ಅದೇ ಮಾತ್ರೆ ಅಜ್ಜಂಪುರದಲ್ಲಿ ಸಿಗುವುದಿಲ್ಲವೇನೋ. ಬಂದಿದ್ದಕ್ಕೆ ತಿರುಗುಮುರುಗು ಫ್ಯಾನನ್ನು ಬಿಚ್ಚಿ ಸರಿಯಾಗಿ ಕೂರಿಸಿ, ಒಂದೇ ಸ್ವಿಚ್ಚಿಗೆ ಎಲ್ಲ ಫ್ಯಾನೂ ನಿಲ್ಲುವ ಹಾಗೆ ಮಾಡಿಸಿಕೊಟ್ಟರು. ಟೇಪನ್ನು ಹಲ್ಲಿನಲ್ಲಿ ಕತ್ತರಿಸದೆ ಕತ್ತರಿಯಲ್ಲೇ ಕತ್ತರಿಸುತ್ತಾರೆ. ನಮ್ಮ ಸಿಬ್ಬಂದಿಯೂ ಇದನ್ನು ಕಲಿಯಬೇಕು.

ಬರುವಾಗ ಹೊಸ ಚಪ್ಪಲಿ ತಂದೆ. ತಪಾಸಣೆಯ ಸಮಯದಲ್ಲಿ ನೀಟಾಗಿ ಕಾಣಬೇಕಲ್ಲ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ. ತಪಾಸಣೆಯವರು ಬರಲಿಲ್ಲ, ಯಾರೂ ಬರಲಿಲ್ಲ. ಹಬ್ಬವೆಂದರೆ ಕೆಲಸ ನಿಲ್ಲಿಸಬೇಕೆ? ನಮ್ಮ ಜನಕ್ಕೆ ಜವಾಬ್ದಾರಿ ಎಂಬುದೇ ಇಲ್ಲ.

ಮಾರ್ಚ್ 3, ಸೋಮವಾರ

ಅಮ್ಮ ಕೊನೆಗೂ ಬಾಯಿಬಿಟ್ಟಳು. ಅಜ್ಜಂಪುರದವರು ನನಗೆ ಗೊತ್ತಾಗದ ಹಾಗೆ ಆಸ್ಪತ್ರೆಗೇ ಬಂದು ನೋಡಿಕೊಂಡು ಹೋಗುತ್ತಾರಂತೆ. ಸಂತೆಗೆ ಬಂದ ಹೋರಿಯೇ ನಾನು, ಹಲ್ಲು ಹಿಡಿದು ನೋಡಲು? ಬರಲಿ, ಮುಖಕ್ಕೆ ಹೇಳಿ ಕಳಿಸುತ್ತೇನೆ ಎಂದುಕೊಂಡೆ.

ಮಧ್ಯಾಹ್ನವೇ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ರೋಗಿಯಲ್ಲ, ರೋಗಿಯ ಕಡೆಯವನೂ ಅಲ್ಲ. ನನ್ನನ್ನೇ ಹುಡುಕಿಕೊಂಡು ಬಂದು, ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಮುಂದೆಯೂ ಇಲ್ಲೇ ಇರ್ತೀರಾ, ಒತ್ತಡ ಬಂದಾಗ ಸಿಟ್ಟು ಬರುತ್ತಾ ಎಂದು ಕೇಳಿದ. ಬರುತ್ತೆ, ಈಗಲೂ ಬರ್ತಿದೆ ಎಂದೆ. ಕೆಲಸ ಬಿಡುವುದಿಲ್ಲ, ಯಾರು ಹೇಳಿದರೂ ಬಿಡುವುದಿಲ್ಲ, ಕೇಸರಿಬಾತನ್ನೂ ಮಾಡುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಒಂದು ಪೆನ್ನು ತೆಗೆದು ಮತ್ತೆ ಜೇಬಿಗೆ ಸಿಕ್ಕಿಸಿ, ಒಳ ವಾರ್ಡು ನೋಡಬಹುದೇ ಎಂದ. ಭೇಟಿ ಸಮಯ ಮುಗಿದಿದೆ ಎಂದೆ. ಹಾಗಾದರೆ ಬುಧವಾರ ಸಂಜೆ ಬರುತ್ತೇನೆ ಎಂದು ಹೋದ.

ಎಂಥ ದಪ್ಪ ಚರ್ಮ. ಬೈಸಿಕೊಂಡೂ ಮತ್ತೆ ಬರುವ ಗಂಡನ್ನು ಮೊದಲ ಸಲ ನೋಡಿದ್ದು.

ಮಾರ್ಚ್ 6, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ದೀಪ ಹಚ್ಚುವ ಹೊತ್ತು. ವಿಶಾಲಾಕ್ಷಮ್ಮ ದೀಪ ಹಚ್ಚಿ ಹೊಸ್ತಿಲ ಕುರ್ಚಿಯಲ್ಲಿ ಕೂತಿದ್ದರು. ಕೋಮಲಾ ಮೇಡಂ ಹೇಮಂತ್ ಅವರ ಜೊತೆ ಬಂದರು. ಕೈಯಲ್ಲಿ ಒಂದು ಮೊಳ ಮಲ್ಲಿಗೆ, ತೆಂಗಿನಕಾಯಿ, ಎಲೆ ಅಡಿಕೆ ಇದ್ದ ಚೀಲ. ತಪಾಸಣೆಯವರೇ ನಮಗೆ ಲಂಚ ತರುವ ಕಾಲ ಬಂತೇ ಎಂದುಕೊಂಡೆ. ಅಷ್ಟರಲ್ಲಿ ಎರಡು ಪೆನ್ನಿನ ಗಂಡೂ ಗೇಟಿನ ಹತ್ತಿರ ನಿಂತು ಕಟ್ಟಡದ ಫೋಟೊ ಹಿಡಿಯುತ್ತಿದ್ದ.

ಮೊದಲು ತಿಳಿದದ್ದು ಬೀರಯ್ಯಜ್ಜನಿಗೆ. ಒಳ ವಾರ್ಡಿನಿಂದ ಕೂಗಿದರು. "ಇದು ಕೊಟ್ಟಿಗೆ ವಾಸ್ನೆ ಅಲ್ಲ ತಾಯಿ. ಗಂಟೆ ಹೊಡಿ."

ಮರುಕ್ಷಣ ನನ್ನ ಕಣ್ಣು ಉರಿಯಿತು. ಫ್ಯಾಕ್ಟರಿಯ ಸೈರನ್ ಶುರುವಾಯಿತು. ಗಂಟೆ ಹೊಡೆದೆ. ಡಾಕ್ಟರು ಮಹಡಿಯಿಂದ ರೋಗಿಗಳನ್ನು ಇಳಿಸಿದರು, ಹೇಮಂತ್ ಫ್ಯಾನಿನ ಸ್ವಿಚ್ಚು ಆರಿಸಿದರು. ನಾನು ಗೇಟಿಗೆ ಓಡಿ ಆ ಗಂಡನ್ನು ತೋಳು ಹಿಡಿದು ಎಳೆದು ತಂದೆ. ಎಷ್ಟೇ ಬೇಡದ ಗಂಡಾದರೂ ಗ್ಯಾಸಿನಲ್ಲಿ ಬಿಡಲಾಗುತ್ತದೆಯೇ? ಇನ್ನು ಮುಂಬಾಗಿಲು. ಹೊಸ್ತಿಲಲ್ಲಿ ವಿಶಾಲಾಕ್ಷಮ್ಮ.

ಅವರು ನನ್ನ ಮುಖ ನೋಡಿದರು. ಎದ್ದು, ಮುಡಿಯಿಂದ ಹೂ ತೆಗೆದು ದೀಪವನ್ನು ಶಾಂತ ಮಾಡಿದರು. ಕುರ್ಚಿಯನ್ನು ತಾವೇ ಒಳಗೆ ಎಳೆದುಕೊಂಡರು.

"ಲಕ್ಷ್ಮಿ ಆಗ್ಲೇ ಒಳಗೆ ಬಂದಾಯ್ತು ಕಣೇ. ಹಾಕು ಬಾಗ್ಲು."

ಹಾಕಿದೆವು. ಒಳ ವಾರ್ಡಿನ ಬಾಗಿಲನ್ನೂ ಹಾಕಿ ಸಂದಿಗೆ ಚೀಲ ತುರುಕಿದೆವು. ಎಲ್ಲರ ಕೈಗೂ ಒದ್ದೆ ಬಟ್ಟೆ ಕೊಟ್ಟೆ. ಹೇಮಂತ್ ಹತ್ತಿಯ ಎಳೆ ಹಿಡಿದು ಕಿಟಕಿಯ ಸುತ್ತ ನೋಡಿದರು. ಒಂದು ಮೂಲೆಯಲ್ಲಿ ಅದು ಅಲುಗಾಡಿತು, ಅಲ್ಲಿಗೆ ಒದ್ದೆ ಚೀಲ ಒತ್ತಿ ಹಿಡಿದು ನಿಂತರು. ಸಂಜೆಯ ಸೆಕೆ, ಗಾಳಿಯಿಲ್ಲ, ಅಷ್ಟೊಂದು ಜನ. ಬೀರಯ್ಯಜ್ಜ ಕಣ್ಣು ಮುಚ್ಚಿ ಆಕ್ಸಿಜನ್ ಎಳೆಯುತ್ತಿದ್ದರು, ಎದೆ ಏರಿಳಿಯುವುದನ್ನೇ ನೋಡುತ್ತ ಕಾಂತಮ್ಮ ಕೂತಿದ್ದಳು.

ಕೋಮಲಾ ಮೇಡಂ ಇದ್ದಕ್ಕಿದ್ದಂತೆ ಎದ್ದರು. ಮುಖವೆಲ್ಲ ಬೆವರು. "ನಂಗೆ ಉಸಿರು ಕಟ್ತಿದೆ. ಬಾಗ್ಲು ತೆಗಿ, ನಾನು ಹೋಗ್ತೀನಿ," ಎಂದು ಬಾಗಿಲ ಚಿಲಕಕ್ಕೆ ಕೈ ಹಾಕಿದರು.

ತಪಾಸಣೆಯವರೇ ತೆಗೆ ಎನ್ನುತ್ತಿದ್ದಾರೆ. ಅವರು ಬೇಡ ಎಂದು ಬರೆದರೆ ವಾರ್ಡೇ ಮುಚ್ಚುತ್ತದೆ, ತಿಂಗಳಿಡೀ ಮಾಡಿದ್ದೆಲ್ಲ ನೀರುಪಾಲು. ಇಷ್ಟನ್ನೂ ಯೋಚಿಸಿದೆ. ಆದರೂ ಕಾಲು ತಾನೇ ಹೋಗಿ ಬಾಗಿಲಿಗೆ ಅಡ್ಡ ನಿಂತಿತು.

"ಬೇಕಾದ್ರೆ ನನ್ನ ಫೇಲ್ ಮಾಡಿ ಮೇಡಂ. ಬಾಗ್ಲು ಮಾತ್ರ ತೆಗೆಯಲ್ಲ. ತೆಗೆದ್ರೆ ನಿಮಗಿಂತ ಮೊದ್ಲು ಆ ಅಜ್ಜಂಗೆ ಉಸಿರು ನಿಲ್ಲುತ್ತೆ."

"ಫೇಲಾ?" ಎಂದರು ಮೇಡಂ, ನನಗೇನೋ ಆಗಿದೆ ಎನ್ನುವ ಹಾಗೆ ನೋಡುತ್ತಾ. ಆಮೇಲೆ ಬೀರಯ್ಯಜ್ಜನ ಕಡೆ ನೋಡಿದರು. ಕೈ ಚಿಲಕದಿಂದ ಕೆಳಗೆ ಬಂತು. ಕಾಂತಮ್ಮ ಪಕ್ಕದಲ್ಲಿ ಜಾಗ ಮಾಡಿ ಅವರನ್ನು ಕೂರಿಸಿಕೊಂಡು ಬೆನ್ನು ಸವರಿದಳು. ನಾನು ಹೇಳಿದ ಹಾಗೆ ನಿಧಾನವಾಗಿ ಉಸಿರು ಬಿಟ್ಟರು, ಎಳೆದುಕೊಂಡರು, ಸರಿಯಾದರು.

ಆಗ ಫೋನುಗಳು ಶುರುವಾದವು. ಒಬ್ಬೊಬ್ಬರಾಗಿ ಮಗ್ಗಿ ಹೇಳಿದರು. ಕೊನೆಗೆ ಕಾಂತಮ್ಮನ ಸರದಿ. ಅವಳು ಗಂಡನ ಮುಖ ನೋಡಿಕೊಂಡು, "ನಾವು ಒಳಗೆ ಚೆನ್ನಾಗಿದೀವಿ, ಬರ್ಬೇಡಿ," ಎಂದಳು. ಪೂರ್ತಿ ಹೇಳಿದಳು. ನನಗೆ ಅಳು ಬಂತು, ಒದ್ದೆ ಬಟ್ಟೆ ಹೇಗೂ ಮುಖದ ಮೇಲಿತ್ತು. ಒಂದು ಟ್ರ್ಯಾಕ್ಟರೂ ಬರಲಿಲ್ಲ.

ನನ್ನ ಫೋನೂ ಹೊಡೆದುಕೊಂಡಿತು. ಎರಡೂ ಕೈ ಚೀಲದ ಮೇಲಿತ್ತು, ವಿಶಾಲಾಕ್ಷಮ್ಮ ಒತ್ತಿ ಸ್ಪೀಕರಿಗೆ ಹಾಕಿದರು. ನಾನು ಒಳಗೆ ಚೆನ್ನಾಗಿದೀನಿ, ಬರಬೇಡಿ ಎಂದೆ. ಅಮ್ಮ ಕೇಳಿಸಿಕೊಳ್ಳುವವಳೇ?

"ಅಜ್ಜಂಪುರದವರೂ ಅಲ್ಲೇ ಇದಾರಾ ತನು? ಇವತ್ತು ಹೂ ಮುಡಿಸಿ ಹೋಗ್ತೀವಿ ಅಂದಿದ್ರು ಆ ಕೋಮಲಮ್ಮ. ಪಾಪ, ಹುಡುಗ ಈರುಳ್ಳಿ ಗೋದಾಮು ಬಿಟ್ಟು ಮೂರು ಸಲ ಬಂದು ನಿನ್ನ ಏಣಿ ಹಿಡಿದ್ನಂತೆ. ಡ್ರೈವರ್ ಅಂತ ಕರೆದ್ಯಂತಲ್ಲೇ ಅವನನ್ನ."

ಆ ಕೋಣೆಯಿಂದ ಓಡಿಹೋಗಲು ದಾರಿಯಿರಲಿಲ್ಲ. ಇದ್ದ ಒಂದು ದಾರಿಯನ್ನೂ ನಾನೇ ಗೋಣಿಚೀಲ ತುರುಕಿ ಮುಚ್ಚಿದ್ದೆ. ಯಾರೂ ಉಸಿರು ಬಿಡಲಿಲ್ಲ, ಅದು ಅಮೋನಿಯಾಕ್ಕಲ್ಲ. ಕೋಮಲಮ್ಮ ಮಲ್ಲಿಗೆಯ ಚೀಲವನ್ನು ಹಿಂದೆ ಮುಚ್ಚಿಟ್ಟುಕೊಂಡರು. ನಾನು ಎರಡು ಪೆನ್ನಿನವನ ಕಡೆ ತಿರುಗಿದೆ.

"ಹಾಗಾದ್ರೆ ನೀವ್ಯಾರು?"

"ಚಂದ್ರಕುಮಾರ್. ಜಿಲ್ಲಾ ಸುರಕ್ಷತಾ ಸಮಿತಿ," ಎಂದರು ಒದ್ದೆ ಬಟ್ಟೆಯ ಹಿಂದಿನಿಂದ. "ಕೇಸರಿಬಾತು ಮಾಡಲ್ಲ ಅಂದ್ರಲ್ಲ, ಅದನ್ನ ಯಾವ ಕಾಲಮ್ಮಿಗೆ ಬರೀಬೇಕು ಅಂತ ಎರಡು ದಿನದಿಂದ ಯೋಚಿಸ್ತಿದೀನಿ ಮೇಡಂ."

ಮೊದಲು ನಕ್ಕದ್ದು ಬೀರಯ್ಯಜ್ಜ. ನಗಬೇಡಿ ಅಜ್ಜ, ಉಸಿರು ಹೋಗುತ್ತೆ ಎಂದು ಹೇಳುತ್ತಾ ನನಗೇ ನಗು ತಡೆಯಲಾಗಲಿಲ್ಲ. ಡಾಕ್ಟರು ಗೋಡೆ ಹಿಡಿದು ನಕ್ಕರು. ಹೇಮಂತ್ ಮಾತ್ರ ಕಿಟಕಿಯ ಮೂಲೆಯಿಂದ ಕೈ ತೆಗೆಯಲಿಲ್ಲ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ, ಆದಷ್ಟು ಗಂಭೀರವಾಗಿ.

"ಡ್ರೈವರ್ ಅಂದ್ಕೊಂಡು ಕೆಲಸ ಕೊಟ್ರಿ," ಎಂದರು. "ಗಂಡಿನ ಕಡೆ ಅಂದ್ರೆ ಗೇಟಿಂದ ಆಚೆ ಕಳಿಸ್ತಿದ್ರಿ. ಅದಕ್ಕೇ ಸುಮ್ನಿದ್ದೆ."

ಚೀಲ ಒಣಗ್ತಿದೆ, ನೀರು ಹಾಕಿ ಎಂದೆ. ಹಾಕಿದರು.

ಅಗ್ನಿಶಾಮಕದವರು ವಾಲ್ವ್ ಮುಚ್ಚಿ, ಹೊರಗೆ ಗಾಳಿ ತಿಳಿಯಾಗಿದೆ ಎಂದು ಡಾಕ್ಟರಿಗೆ ಫೋನು ಮಾಡುವ ಹೊತ್ತಿಗೆ ಕತ್ತಲಾಗಿತ್ತು. ಬಾಗಿಲು ಕಿಟಕಿ ಎಲ್ಲ ತೆಗೆದು ಗಾಳಿ ಬಿಟ್ಟೆವು. ಬೀರಯ್ಯಜ್ಜನ ಮುಖಕ್ಕೆ ಟಾರ್ಚು ಹಿಡಿದು ತುಟಿ ನೋಡಿದೆ. ನೀಲಿಯಲ್ಲ, ಕೆಂಪಗಿತ್ತು. ಗಲಾಟೆಯಲ್ಲಿ ಅಜ್ಜ ಕೋಮಲಮ್ಮನ ಚೀಲದಿಂದ ಎಲೆ ಅಡಿಕೆ ಹಾರಿಸಿ ಮೆದ್ದಿದ್ದಾರೆ. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ, ನಿನ್ನೆ ಅಜ್ಜನ ಕೈ ಹಿಡಿದುಕೊಂಡೆ.

"ಬಸ್ಸು ಕಾಣ್ದಿದ್ರೂ ಪರ್ವಾಗಿಲ್ಲ," ಎಂದರು ಅಜ್ಜ. "ಇಲ್ಲಿ ಇದಕ್ಕಿಂತ ಒಳ್ಳೇದು ಕಾಣ್ತದೆ."

ಮಾರ್ಚ್ 7, ಶುಕ್ರವಾರ

ಚಂದ್ರಕುಮಾರ್ ಅವರ ವರದಿ ಬಂತು. ವಾರ್ಡು ಮುಚ್ಚಬೇಕಾಗಿಲ್ಲ, ಬೀರಯ್ಯಜ್ಜ ಎಲ್ಲಿಗೂ ಹೋಗಬೇಕಾಗಿಲ್ಲ. ಕಾಂತಮ್ಮನಿಗೆ ಹೇಳಿದೆ. ಅವಳು ನನ್ನ ಕೆನ್ನೆ ಹಿಡಿದು ನೆಟಿಕೆ ಮುರಿದಳು. ವರದಿಯ ಕೊನೆಗೆ ಒಂದು ಸಾಲಿದೆ: ಉಸ್ತುವಾರಿ ಸಿಸ್ಟರ್ ಸಂದರ್ಶಕರೊಡನೆ ಸ್ವಲ್ಪ ಮೃದುವಾಗಿ ಮಾತನಾಡುವುದು ಒಳ್ಳೆಯದು. ಆ ಮನುಷ್ಯನಿಗೆ ನನ್ನ ಬಗ್ಗೆ ಏನು ಗೊತ್ತು?

ಇಷ್ಟಕ್ಕೂ ನನ್ನ ಲೆಕ್ಕಾಚಾರದಲ್ಲಿ ತಪ್ಪೇನಿರಲಿಲ್ಲ. ತಪಾಸಣೆಗೆ ಬರುತ್ತಾರೆ ಎಂದಿದ್ದೆ, ಬಂದಿದ್ದರು. ಯಾರು ಯಾವುದರ ತಪಾಸಣೆಗೆ ಎಂಬುದು ಸಣ್ಣ ವಿಷಯ.

ಸಂಜೆ ಅಂಗಳದಲ್ಲಿ ಅಪ್ಪನ ಚೀಲಗಳನ್ನು ಒಣಗಿಸಿ ಮಡಚುತ್ತಿದ್ದೆ. ಅಮ್ಮ ಫೋನಿಗೆ ಸೆರಗು ಅಡ್ಡ ಹಿಡಿದು ಬಂದಳು. ಭಾನುವಾರ ಮನೆಗೆ ಬರಬಹುದಾ ಎಂದು ಅಜ್ಜಂಪುರದವರು ಕೇಳುತ್ತಿದ್ದಾರೆ, ಏನು ಹೇಳಲಿ ಎಂದಳು. ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು. ಮೂರು ವಾರದಿಂದ ಊರಿಗೆಲ್ಲ ನಾನು ಕಲಿಸಿದ ಮಾತು ಅವಳಿಗೂ ಬಾಯಿಪಾಠವಾಗಿದೆ.

"ಚೆನ್ನಾಗಿದೀವಿ ಅಂತ ಹೇಳು," ಎಂದೆ.

ಅಮ್ಮ ಉಳಿದರ್ಧಕ್ಕೆ ಕಾದಳು. ಚೀಲವೊಂದನ್ನು ಮಡಚಿದೆ, ಸರಿಬರಲಿಲ್ಲ, ಬಿಚ್ಚಿ ಮತ್ತೆ ಮಡಚಿದೆ.

"ಬರ್ಲಿ."

ಅಮ್ಮ ಒಳಗೆ ಓಡಿದಳು. ನಾನೂ ಒಳಗೆ ಬಂದು ರವೆಯ ಡಬ್ಬಿಯಲ್ಲಿ ಎಷ್ಟಿದೆ ಎಂದು ನೋಡಿದೆ. ಸುಮ್ಮನೆ ನೋಡಿದ್ದು.